ಹಾಲಿವುಡ್ ಪ್ರೇಮ, ಲಿವರ್‌ಮೋರ್ ಮನೆ

ನಾಟಕ ಮಾಡಿಸ್ತೀನಿ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಎಲ್ಲೆಲ್ಲೋ ಇದ್ದ ಗ್ರಹಚಾರವೆಲ್ಲ ವಿಳಾಸ ಕೇಳಿಕೊಂಡು ಅವರ ಮನೆಗೇ ಬರುತ್ತೆ. ನಮ್ಮ ಮನೆಗಂತೂ ಅದು ವಿಳಾಸ ಕೇಳೋದೂ ಇಲ್ಲ, ದಾರಿ ಚೆನ್ನಾಗಿ ಗೊತ್ತು. ಪ್ರತಿ ವರ್ಷ 'ಇದೇ ಕೊನೆ, ನನ್ನನ್ನ ಬಿಟ್ಟುಬಿಡಿ' ಅಂತ ಕೈ ಮುಗೀತೀನಿ. ಮುಂದಿನ ವರ್ಷ ಮೀಟಿಂಗಿನಲ್ಲಿ ಮೊದಲು ಕೈ ಎತ್ತೋಳೂ ನಾನೇ.

ಈ ಸಲ ಈ ಪರದೇಶದಲ್ಲಿರೋ ನಮ್ಮ ಕನ್ನಡ ಬಳಗದ ದೀಪಾವಳಿಗೆ ನಾನು ಬರೆದದ್ದು ಹಳೇ ಹಾಲಿವುಡ್ ಮಾದರಿಯ ಹಾಡು-ಕುಣಿತದ ಪ್ರೇಮದ ನಾಟಕ. ನಮ್ಮಪ್ಪ-ಅಮ್ಮ ಹುಡುಗರಾಗಿದ್ದ ಕಾಲದ ಆ ಸಿನಿಮಾಗಳು ಅಂದರೆ ನನಗೆ ಪ್ರಾಣ. ಹುಡುಗ-ಹುಡುಗಿ ಸಿಕ್ಕಿದ ಕೂಡಲೇ ಜಗಳ ಆಡ್ತಾರೆ, ಜಗಳದ ಮಧ್ಯೆ ಒಂದು ಹಾಡು ಹಾಡ್ತಾರೆ, ಏನೋ ತಪ್ಪು ತಿಳ್ಕೊಂಡು ಮುನಿಸಿಕೊಳ್ತಾರೆ, ಕೊನೆಗೆ ಟಕಟಕ ಅಂತ ಶೂ ಕುಟ್ಟಿಕೊಂಡು ಕುಣಿದು ಒಂದಾಗ್ತಾರೆ. ಅಷ್ಟೇ. ನನ್ನ ನಾಟಕದಲ್ಲೂ ಅಷ್ಟೇ ಇತ್ತು. ಟೋಪಿ ಅಂಗಡಿಯ ಹುಡುಗಿ, ಪಿಯಾನೋ ರಿಪೇರಿಯ ಹುಡುಗ. ಇಷ್ಟು ಹಗುರವಾದ ಕಥೆಯಿಂದ ನನ್ನ ಬಿ.ಪಿ. ಮಾತ್ರೆ ಒಂದರಿಂದ ಎರಡಾಗುತ್ತೆ ಅಂತ ಯಾರು ಎಣಿಸಿದ್ದರು?

ಜೋಡಿ ಹುಡುಕಿದ್ದು

ನಮ್ಮ ಬಳಗದಲ್ಲಿ ಯಾರೂ ಬರೆಯದ ಒಂದು ಕಾನೂನಿದೆ. ಸ್ಟೇಜಿನ ಮೇಲೆ ಪ್ರೇಮಿಗಳಾಗೋರು ಮನೆಯಲ್ಲಿ ಗಂಡ-ಹೆಂಡತಿಯೇ ಆಗಿರಬೇಕು. ಇಲ್ಲದಿದ್ದರೆ ದೀಪಾವಳಿಯಿಂದ ಯುಗಾದಿವರೆಗೆ ಜನಕ್ಕೆ ಮಾತಾಡೋಕೆ ಬೇರೆ ವಿಷಯ ಬೇಡ. ಹಾಡು ಬರೋ ಒಬ್ಬ ಎತ್ತರದ ಮನುಷ್ಯನನ್ನ ಹಿಡಿದುಕೊಂಡೆ. ಅವನ ಹೆಂಡತಿಗೆ ಕುಣಿಯೋಕೆ ಬರಲ್ಲ.

"ಇವರು ಮಾಡಲಿ ಅಕ್ಕ, ನನ್ನದೇನೂ ಅಭ್ಯಂತರ ಇಲ್ಲ. ಆದರೆ ಹೀರೋಯಿನ್ ಕೈ ಹಿಡಿಯೋ ಹಾಗಿಲ್ಲ" ಅಂದಳು ಆಕೆ.

"ಪ್ರೇಮದ ನಾಟಕ ಕಣಮ್ಮಾ ಇದು!"

"ಫೋನಲ್ಲಿ ಪ್ರೀತಿ ಮಾಡಲಿ."

ಕೊನೆಗೆ ಸಿಕ್ಕಿದ್ದು ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿರೋ ಒಂದು ಜೋಡಿ. ಹುಡುಗ ಮಂಡ್ಯದವನು, ಸ್ಯಾನ್ ಮಟಿಯೋದಲ್ಲಿ ಆಫೀಸು. ಹುಡುಗಿ ಹುಬ್ಬಳ್ಳಿಯವಳು, ಬರ್ಕ್ಲಿಯ ಯೂನಿವರ್ಸಿಟಿಯಲ್ಲಿ ಸಂಶೋಧನೆ. ಇಬ್ಬರಿಗೂ ಸಮ ದೂರ ಆಗಲಿ ಅಂತ ಮಧ್ಯದಲ್ಲಿ ಮನೆ ಹಿಡಿದಿದ್ದರು. ಮದುವೆಯಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಇಬ್ಬರಿಗೂ ಹಾಡು ಬರುತ್ತೆ, ಮುಖದಲ್ಲಿ ಕಳೆ ಇದೆ. ನನಗೆ ಸ್ವರ್ಗ ಮೂರೇ ಗೇಣು.

"ನೋಡಮ್ಮಾ, ಗಂಡನ್ನ ತುಂಬಾ ಪ್ರೀತಿಸ್ತಾ ಇರೋ ಹಾಗೆ ನಟನೆ ಮಾಡಬೇಕು. ಆಗುತ್ತಾ?" ಅಂದೆ.

"ದಿನಾ ಮಾಡ್ತೀನಲ್ರಿ ಅಕ್ಕಾರ!" ಅಂದಳು.

ಶೂ ಇಲ್ಲದ ಟ್ಯಾಪ್ ಡ್ಯಾನ್ಸು

ರಿಹರ್ಸಲ್ಲು ನಮ್ಮ ಮನೆಯಲ್ಲೇ. ನಮ್ಮದು ಮರದ ನೆಲ, ಶೂ ಕುಟ್ಟಿದರೆ ಒಳ್ಳೇ ಸದ್ದು ಬರುತ್ತೆ ಅಂತ ನಾನು ಹಿಗ್ಗಿದ್ದೆ. ಇಬ್ಬರೂ ತಳಕ್ಕೆ ಕಬ್ಬಿಣ ಹೊಡೆದ ಹೊಸ ಶೂ ಹಾಕಿಕೊಂಡು ಬಂದರು. ಬಾಗಿಲಲ್ಲಿ ನಮ್ಮ ಅತ್ತೆ ನಿಂತಿದ್ದರು. ಹಾಸನದವರು. ಅವರ ಎದುರು ನನ್ನ ಡೈರೆಕ್ಷನ್ನು ನಡೆಯಲ್ಲ.

"ಚಪ್ಲಿ ಹೊರಗೆ."

"ಅತ್ತೆ, ಇದು ಡ್ಯಾನ್ಸಿನ ಶೂ. ಅದರ ಸದ್ದೇ ಕಲೆ. ನಮ್ಮ ಗೆಜ್ಜೆ ಇದ್ದ ಹಾಗೆ."

"ಹಂಗಾದ್ರೆ ಆ ಕಬ್ಬಿಣ ಬಿಚ್ಚಿ ಕಾಲಿಗೆ ಕಟ್ಕಳ್ಲಿ. ಚರ್ಮ ಯಾಕೆ ಒಳಗೆ ಬರ್ಬೇಕು? ಅಲ್ಲೇ ದೇವ್ರ ಮನೆ ಅದೆ."

ಗರಾಜಿನಲ್ಲಿ ಮಾಡೋಣ ಅಂದರೆ ಅಲ್ಲಿ ಅಕ್ಕಿ ಮೂಟೆ, ಗಣೇಶನ ಮಂಟಪ, ಯಾರೂ ಹತ್ತದ ಟ್ರೆಡ್‌ಮಿಲ್ಲು. ಕಾರಿಗೇ ಜಾಗ ಇಲ್ಲ, ಕಲೆಗೆಲ್ಲಿ? ಹೀಗಾಗಿ ಇಡೀ ಟ್ಯಾಪ್ ಡ್ಯಾನ್ಸನ್ನ ನಮ್ಮವರು ಸಾಕ್ಸ್ ಹಾಕಿಕೊಂಡೇ ಕಲಿತರು. ಸದ್ದಿಗೆ ಏನು ಮಾಡೋದು? ಅತ್ತೆಗೇ ಪಾಪ ಅನ್ನಿಸಿರಬೇಕು, ಸೋಫಾದಲ್ಲಿ ಕೂತು ಸ್ಟೀಲ್ ತಟ್ಟೆ ಮಗುಚಿ ಹಾಕಿಕೊಂಡು ಎರಡು ಚಮಚದಲ್ಲಿ ಟಕಟಕ ಬಡಿದರು. ಎರಡನೇ ವಾರಕ್ಕೆ ಅವರೇ ಡ್ಯಾನ್ಸ್ ಮಾಸ್ತರು. "ಏಯ್, ತಾಳ ತಪ್ತು ಕಣಪ್ಪಾ, ಮೊದಲಿಂದ ಬಾ" ಅಂತ ಗದರೋರು. ಒಂದು ದಿನ ಅವರ ಚಮಚದ ವೇಗಕ್ಕೆ ಸರಿಯಾಗಿ ಗಿರಕಿ ಹೊಡೆಯೋಕೆ ಹೋದ ಹುಡುಗ ನುಣುಪು ನೆಲದ ಮೇಲೆ ಸುಯ್ಯನೆ ಜಾರಿ, ತೆರೆದ ಬಾಗಿಲು ದಾಟಿ, ಹೊರಗಿದ್ದ ಶೂ ರಾಶಿಯ ಮೇಲೆ ಬಿದ್ದ.

ಅತ್ತೆ ತಟ್ಟೆ ಬಡಿಯೋದು ನಿಲ್ಲಿಸಿ, "ನಾನು ಅದನ್ನೇ ಹೇಳಿದ್ದು. ಶೂ ಬೇಕಾದ್ರೆ ಅಲ್ಲಿಗೇ ಹೋಗಬೇಕು" ಅಂದರು.

ಕಂಗ್ರಾಜುಲೇಶನ್ಸು

ಆಮೇಲೆ ಆಗಿದ್ದು ಹೇಳಿದರೆ ಈಗಲೂ ನನಗೆ ಎದೆ ಹೊಡಕೊಳ್ಳುತ್ತೆ.

ನಮ್ಮ ದೀಪಾವಳಿ ಊಟದ ಸ್ಪಾನ್ಸರ್ ಒಬ್ಬ ಮನೆ ಏಜೆಂಟು, ನಮ್ಮ ಕನ್ನಡದವನೇ. ಯಾರಿಗೆ ನಮಸ್ಕಾರ ಅಂದರೂ ಹಿಂದೆಯೇ 'ಸ್ವಂತ ಮನೆನಾ, ಬಾಡಿಗೆನಾ?' ಅಂತಾನೆ. ಒಂದು ಭಾನುವಾರ ರಿಹರ್ಸಲ್ ನೋಡೋಕೆ ಬಂದವನು, ಟೋಪಿ ಹಾಕಿಕೊಂಡು ನಿಂತಿದ್ದ ನಮ್ಮ ಹುಡುಗಿಯ ಕೈ ಕುಲುಕಿದ.

"ಕಂಗ್ರಾಜುಲೇಶನ್ಸ್ ಮೇಡಂ! ಲಿವರ್‌ಮೋರ್ ಮನೆ ಸೂಪರ್. ಹಿತ್ತಲಲ್ಲಿ ನಿಂತರೆ ದ್ರಾಕ್ಷಿ ತೋಟ, ಬೆಟ್ಟ. ದೇವಸ್ಥಾನ ಪಕ್ಕದಲ್ಲೇ. ನಿಮ್ಮವರು ಹೂಂ ಅಂದಿದ್ದಾರೆ. ದೀಪಾವಳಿ ಪ್ರೋಗ್ರಾಂ ಮುಗಿಸಿಕೊಂಡು ಸೋಮವಾರ ಸೈನ್ ಹಾಕಿಬಿಡೋಣ."

ಅವಳು ಟೋಪಿ ತೆಗೆದಳು. "ಯಾವ ಮನಿ?"

ಹುಡುಗನ ಮುಖ ಬಿಳಚಿಕೊಂಡಿತು. "ಸರ್ಪ್ರೈಸ್ ಕೊಡಣ ಅಂತ ಇದ್ದೆ ಕಣೆ..."

"ನಾ ದಿನಾ ಬರ್ಕ್ಲಿಗೆ ಹೋಗ್ತೀನಿ ಅನ್ನೋದು ನೆನಪೈತೋ ಇಲ್ಲೋ ನಿಮಗ? ಅಷ್ಟು ದೂರದ ಲಿವರ್‌ಮೋರಿನಿಂದ ಹ್ಯಾಂಗ ಹೋಗ್ಲಿ?"

ಆ ಹೊತ್ತಿಗೆ ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. "ಫ್ರೀವೇ ಐತಲ್ಲ" ಅಂದುಬಿಟ್ಟ. ಹೆಜ್ಜೆ ಹೆಜ್ಜೆಗೂ ಟ್ರಾಫಿಕ್ಕಿನಲ್ಲಿ ನಿಲ್ಲೋ ಆ ಹೆದ್ದಾರಿಯಲ್ಲಿ ಕಾರು ಓಡಿಸೋ ಯಾರಿಗೂ ಹೇಳಬಾರದ ಮಾತು ಅದು.

ಅವಳು ನನ್ನನ್ನ ಅಡುಗೆಮನೆಗೆ ಎಳಕೊಂಡು ಹೋದಳು. "ಅಕ್ಕಾರ, ಇದು ಬರೇ ಮನಿ ವಿಷಯ ಅಲ್ರಿ. ನನಗ ಒಂದು ಮಾತು ಕೇಳಲಿಲ್ಲ ನೋಡ್ರಿ. ನನ್ನ ಕೆಲಸ ಅವ್ರ ಕಣ್ಣಿಗೇ ಬಿದ್ದಿಲ್ಲ. ಸೋಮವಾರ ಅವ್ರು ಸೈನ್ ಮಾಡಿದ್ರ, ನಾ ಬರ್ಕ್ಲ್ಯಾಗ ಒಂದು ಖೋಲಿ ಹಿಡದು ಒಬ್ಬಾಕೀನ ಇರ್ತೀನಿ. ಖರೇನ ಹೇಳ್ತೀನಿ. ನಾಟಕ ಮಾತ್ರ ಮಾಡಿ ಕೊಡ್ತೀನಿ, ನಿಮಗ ಮಾತು ಕೊಟ್ಟೇನಿ." ಕಣ್ಣು ತುಂಬಿಕೊಂಡಿತು. ಅವಳು ಸುಮ್ಮನೆ ಹೆದರಿಸೋ ಪೈಕಿ ಅಲ್ಲ. ನನಗೆ ನಾಟಕ ಮರೆತೇ ಹೋಯಿತು, ನಿಜವಾಗಿ ಭಯ ಆಯಿತು.

ಹಾಲಿಗೆ ಬಂದರೆ ಏಜೆಂಟು ಚಿತ್ರಾನ್ನ ತಿಂತಾ ಕೂತಿದ್ದ. "ಏನ್ ಮೇಡಂ, ಖುಷಿಗೆ ಅತ್ತುಬಿಟ್ರಾ ಅವರು? ಎಲ್ಲರೂ ಹಾಗೇ" ಅಂದ.

ಜಗಳದ ಸೀನು

ಅವತ್ತಿಂದ ಇಬ್ಬರಿಗೂ ಮಾತಿಲ್ಲ. ನಾನು ಬರೆದುಕೊಟ್ಟ ಮಾತು ಮಾತ್ರ ಆಡೋರು. ಮಿಕ್ಕಿದ್ದಕ್ಕೆಲ್ಲ ನಾನೇ ಟೆಲಿಫೋನು. "ಅಕ್ಕಾರ, ಆ ಪಿಯಾನೋ ರಿಪೇರಿ ಮಾಡೋರಿಗೆ ಹೇಳ್ರಿ, ಕಾರಿನ ಕೀಲಿ ಕೊಡ್ಲಿ." ಅವನು ಒಂದು ಮೊಳ ದೂರದಲ್ಲೇ ನಿಂತಿರ್ತಾನೆ!

ನಾಟಕದಲ್ಲಿ ಮೊದಲ ಭೇಟಿಯ ಜಗಳ ಇದೆ ಅಂದೆನಲ್ಲ, ಅದು ಅಮೋಘವಾಗಿ ಬರ್ತಾ ಇತ್ತು. 'ಕೇಳದೆ ನನ್ನ ಅಂಗಡಿಯೊಳಗೆ ಹೇಗೆ ಬಂದೆ?' ಅಂತ ಒಂದು ಸಾಲು ಬರೆದಿದ್ದೆ. ಅವಳು 'ಕೇಳದೆ' ಅನ್ನೋದನ್ನ ನಾಲ್ಕು ಥರ ಹೇಳೋಳು. ನಾಲ್ಕಕ್ಕೂ ಅವನು ತಲೆ ತಗ್ಗಿಸೋನು. ಪ್ರೀತಿಯ ಸೀನು ಬಂದರೆ ಮಾತ್ರ ಮುಗೀತು. ಕೈ ಹಿಡಿಯಮ್ಮಾ ಅಂದರೆ ಅವನ ಅಂಗಿಯ ತೋಳನ್ನ ಎರಡೇ ಬೆರಳಲ್ಲಿ ಹಿಡಿಯೋಳು, ಒಣಗಿರೋ ಬಟ್ಟೆ ತಂತಿಯಿಂದ ತೆಗೆಯೋ ಹಾಗೆ. ಆ ಬರೆಯದ ಕಾನೂನನ್ನ ಮಾಡಿದವರಿಗೆ ನಾನು ಮನಸಾರೆ ಬೈದೆ. ಬೇರೆ ಬೇರೆ ಮನೆಯವರನ್ನ ಹಾಕಿದ್ದರೆ ಇಷ್ಟು ಹೊತ್ತಿಗೆ ಅಚ್ಚುಕಟ್ಟಾಗಿ ಪ್ರೀತಿ ಮಾಡಿರೋರು.

ನಮ್ಮ ಯಜಮಾನರಿಗೆ ಈ ಜಗಳದ ವಿಷಯ ಒಂದೂ ಗೊತ್ತಿಲ್ಲ. ರಿಹರ್ಸಲ್ ಪೂರ್ತಿ ನೋಡಿ ಚಪ್ಪಾಳೆ ತಟ್ಟಿದರು. "ಭೇಷ್! ಥೇಟ್ ಗಂಡ-ಹೆಂಡತಿ ಥರಾನೇ ಇದ್ದಾರೆ."

ಶುಕ್ರವಾರ

ಪ್ರೋಗ್ರಾಂ ಶನಿವಾರ. ಶುಕ್ರವಾರ ಸಂಜೆ ಕೊನೆಯ ರಿಹರ್ಸಲ್ಲು. ಹುಡುಗಿ ಬಂದಳು, ಹುಡುಗ ಇಲ್ಲ. ಫೋನು ಎತ್ತಲ್ಲ. ಅವಳು ಟೋಪಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತವಳು ಕೂತೇ ಇದ್ದಳು. ಒಂದು ಕಾರು ತಿರುಗಿದರೆ ಸಾಕು, ಕತ್ತು ಎತ್ತೋಳು. ಅತ್ತೆ ಕಾಫಿ ಕೊಟ್ಟರೆ ಅದು ಆರಿ ಹೋಯಿತು. ಸೋಮವಾರಕ್ಕೂ ಕಾಯದೆ ಸೈನ್ ಹಾಕೋಕೆ ಹೋಗಿದ್ದಾನೆ ಅಂತ ಅವಳ ತಲೆಯಲ್ಲಿ. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ನನ್ನ ತಲೆಯಲ್ಲೂ ಅದೇ.

ಅವನು ಬರದೇ ಹೋದರೆ? ಕೈ ಕಟ್ಟಿ ಕೂರೋ ಜಾಯಮಾನ ನನ್ನದಲ್ಲ. ನಮ್ಮ ಯಜಮಾನರನ್ನ ಎಬ್ಬಿಸಿ ಹೀರೋ ಸೂಟು ಹಾಕಿಸಿದೆ. ಕೋಟಿನ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು. ಉಸಿರು ಹಿಡಿದುಕೊಳ್ಳಿ ಅಂದೆ. ಹಿಡಿದುಕೊಂಡರು, ಹಾಡೋಕೆ ಆಗಲಿಲ್ಲ.

ಕೊನೆಗೂ ಹುಡುಗ ಬಂದ. ಮುಖ ಬಾಡಿ ಹೋಗಿತ್ತು, ಅಂಗಿ ಮುದುರಿತ್ತು. ಗಟಗಟ ನೀರು ಕುಡಿದು, "ಟ್ರಾಫಿಕ್ಕು ಅಕ್ಕ" ಅಂದ.

ಅಷ್ಟು ದಿನದ ಮೇಲೆ ಅವಳು ನೇರವಾಗಿ ಅವನಿಗೇ ಕೇಳಿದಳು. "ಲಿವರ್‌ಮೋರಿಗೆ ಹೋಗಿದ್ರೇನು?"

"ಹೂಂ. ಅದು ಏನಪ್ಪಾ ಅಂದ್ರೆ..."

ಅವಳು ಕೇಳೋಕೆ ನಿಲ್ಲಲಿಲ್ಲ. ಬ್ಯಾಗು ತಗೊಂಡು ಹೊರಟೇಹೋದಳು. ಅವನು ಓಡಿಹೋಗಿ ತನ್ನ ಕಾರು ಹತ್ತಿದ. ನನಗೆ ಅಳು ಬಂತು, ಅತ್ತೆ ದೇವರ ಮನೆ ಕಡೆ ತಿರುಗಿ ಕೈ ಮುಗಿದರು.

ಯಜಮಾನರು ಮಾತ್ರ ಅಲ್ಲೇ ನಿಂತು, "ಈಗ ಉಸಿರು ಬಿಡಬಹುದಾ?" ಅಂದರು.

ಕೊನೆಯ ಸೀನು

ಶನಿವಾರ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬಂದರು. ನಾವು ಬಾಡಿಗೆಗೆ ಹಿಡಿದಿದ್ದ ಸ್ಕೂಲಿನ ಆಡಿಟೋರಿಯಂ ತುಂಬಿತ್ತು. ಏಜೆಂಟು ಮೊದಲ ಸಾಲಿನಲ್ಲಿ, ಪಕ್ಕದಲ್ಲೇ ನಮ್ಮ ಅತ್ತೆ. ನಾನು ಸೈಡ್ ವಿಂಗಿನಲ್ಲಿ ಬೆವರಿಕೊಂಡು ನಿಂತಿದ್ದೆ.

ಅವತ್ತೇ ಮೊದಲ ಸಲ ಇಬ್ಬರೂ ಶೂ ಹಾಕಿ ಕುಣಿದದ್ದು. ಮೊದಲ ಹೆಜ್ಜೆಗೇ 'ಟಣ್' ಅಂದದ್ದಕ್ಕೆ ಇಬ್ಬರೂ ಬೆಚ್ಚಿ ತಿರುಗಿ ನೋಡಿದರು, ಹಿಂದೆ ಯಾರೋ ಬಂದರು ಅಂತ. ಜನ ಬಿದ್ದೂ ಬಿದ್ದೂ ನಕ್ಕರು. ಹೇಗೋ ಸಾಗಿತು. ಜಗಳಕ್ಕೆ ಶಿಳ್ಳೆ ಬಂತು. ಕೊನೆಯ ಸೀನು ಬಂತು. ಹುಡುಗ ಮಂಡಿಯೂರಿ ಟೋಪಿ ಎತ್ತಿ ಹಿಡಿದು, "ನಿನ್ನ ಜೊತೆ ಬಾಳಬೇಕು ಅಂತ ಆಸೆ. ಒಪ್ಪಿಗೆನಾ?" ಅನ್ನಬೇಕು. ಅವಳು "ಒಪ್ಪಿಗೆ" ಅನ್ನಬೇಕು. ಕೂಡಲೇ ಹಾಡು.

ಅವನು ಕೇಳಿದ. ಅವಳು ಸುಮ್ಮನೆ ನಿಂತಳು.

ಮರೆತಿದ್ದಾಳೆ ಅಂತ ನಾನು ವಿಂಗಿನಿಂದ "ಒಪ್ಪಿಗೆ, ಒಪ್ಪಿಗೆ" ಅಂತ ಪಿಸುಗುಟ್ಟಿದೆ. ನನ್ನ ಕಡೆ ನೋಡಲೂ ಇಲ್ಲ. ಅವನನ್ನೇ ನೋಡ್ತಾ ಕೇಳಿದಳು.

"ಬಾಳೋದು ಯಾವ ಊರಾಗ?"

ಜನ ಘೊಳ್ಳೆಂದರು. ಹಾಡು ಹಾಕೋನು 'ಹಾಕಲಾ?' ಅಂತ ಸನ್ನೆ ಮಾಡಿದ. ಬೇಡ ಬೇಡ ಅಂದೆ.

ಹುಡುಗ ಮಂಡಿಯೂರಿದವನು ಹಾಗೇ ಇದ್ದ. ಟೋಪಿ ಕೆಳಗಿಟ್ಟ. ನನ್ನ ನಾಟಕದ ಭಾಷೆ ಬಿಟ್ಟು ಮಂಡ್ಯಕ್ಕೆ ಇಳಿದ.

"ನಿನ್ನೆ ಬರ್ಕ್ಲಿಗೆ ಹೋಗಿ, ಅಲ್ಲಿಂದ ಲಿವರ್‌ಮೋರ್‌ಗಂಟ ಕಾರು ಓಡುಸ್ಕಂಡ್ ಹೋದೆ ಕಣೆ. ಆಫೀಸ್ ಬುಡೋ ಹೊತ್ನಲ್ಲಿ. ನೀನು ದಿನಾ ಹೋಗ್ಬೇಕಾದ ದಾರಿ ಹೆಂಗೈತೆ ಅಂತ ಒಂದ್ಸಲನಾದ್ರೂ ನೋಡಣ ಅನ್ನುಸ್ತು. ಅರ್ಧ ದಾರೀಲಿ ನಂಗೇ ಅಳು ಬಂತು. ಮನೇಲಿ ಹೇಳಣ ಅಂದ್ರೆ ನೀನು ರೂಮಿನ ಬಾಗ್ಲು ಹಾಕ್ಕಂಡ್ಬುಟ್ಟೆ. ನಿನ್ನ ಕೇಳ್ದೆ ಹೂಂ ಅಂದಿದ್ದು ನಂದೇ ತಪ್ಪು. ಆ ಮನೆ ಬ್ಯಾಡ." ಮೊದಲ ಸಾಲಿಗೆ ತಿರುಗಿ ಕೈ ಮುಗಿದ. "ಸಾರ್, ಆ ಮನೆ ಬ್ಯಾಡ ಸಾರ್."

ಏಜೆಂಟು ಎದ್ದು ನಿಂತ. ಊಟದ ಸ್ಪಾನ್ಸರ್ರು, ಕೋಪ ಮಾಡಿಕೊಂಡು ಹೊರಟುಹೋದರೆ?

"ಪರವಾಗಿಲ್ಲ ಸಾರ್!" ಅಂತ ಅಲ್ಲಿಂದಲೇ ಕೂಗಿದ. "ಮೇಡಂ, ಬರ್ಕ್ಲಿ ಹತ್ತಿರಾನೇ ಒಂದು ಬಂದಿದೆ! ಹೊಸ ಅಡುಗೆಮನೆ, ಒಳ್ಳೇ ಬಿಸಿಲು, ಪೂರ್ವದ ಬಾಗಿಲು..."

ಅತ್ತೆ ಅವನ ಕೋಟು ಹಿಡಿದು ಜಗ್ಗಿದರು. "ಕೂತ್ಕಳಪ್ಪಾ, ಮದುವೆ ಮುಗೀಲಿ!"

ಹುಡುಗಿ ಅಳ್ತಾ ಇದ್ದಳೋ ನಗ್ತಾ ಇದ್ದಳೋ, ಎರಡೂ ಇತ್ತು. ಏಜೆಂಟಿಗೆ ಅಂಗೈ ತೋರಿಸಿದಳು. "ಒಂದೀಟು ತಡೀರಿ ಸರ. ಮದ್ಲ ಇವ್ರಿಗೆ ಹೂಂ ಅಂತೀನಿ, ಆಮ್ಯಾಲೆ ನಿಮ್ಮ ಮನಿ. ಇಬ್ಬರೂ ಕೂಡೇ ಬಂದು ನೋಡ್ತೀವಿ." ಆಮೇಲೆ ಅವನ ತೋಳು ಅಲ್ಲ, ಕೈಯನ್ನೇ ಎರಡೂ ಕೈಯಲ್ಲಿ ಹಿಡಿದು ಎಬ್ಬಿಸಿ, "ಒಪ್ಪಿಗೆ" ಅಂದಳು.

ಹಾಡು ಹಾಕಿಸಿದೆ. ಕುಣಿದರು. ಒಂದು ಹೆಜ್ಜೆಯೂ ಸರಿ ಬರಲಿಲ್ಲ, ಶೂಗಳು ಬಾಯಿಗೆ ಬಂದದ್ದು ಮಾತಾಡಿದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಪರದೆಯಲ್ಲೇ ಕಣ್ಣು ಒರೆಸಿಕೊಂಡೆ. ಅವತ್ತು ರಾತ್ರಿ ಅವರಿಬ್ಬರೂ ಒಂದೇ ಕಾರಿನಲ್ಲಿ ಮನೆಗೆ ಹೋದರು. ಇನ್ನೊಂದು ಕಾರನ್ನ ಮರೆತೇಬಿಟ್ಟಿದ್ದರು.

ಊಟದ ಸಾಲಿನಲ್ಲಿ ನಾನು ಇನ್ನೂ ಮೂಗು ಒರೆಸಿಕೊಳ್ತಾ ನಿಂತಿದ್ದೆ. ನಮ್ಮ ಬಳಗದ ಹಿರಿಯರೊಬ್ಬರು ತಟ್ಟೆ ಹಿಡಿದುಕೊಂಡು ಬಂದರು. ಅವರ ಕಣ್ಣೂ ಒದ್ದೆ.

"ನಾಟಕ ತುಂಬಾ ಚೆನ್ನಾಗಿತ್ತಮ್ಮಾ. ಆ ಹುಡುಗ ತಪ್ಪು ಒಪ್ಪಿಕೊಂಡಾಗ ನನಗೆ ತಡೆಯೋಕಾಗಲಿಲ್ಲ" ಅಂದರು. ಆಮೇಲೆ ಧ್ವನಿ ತಗ್ಗಿಸಿ, ಬೇಜಾರಿನಿಂದ ಹೇಳಿದರು. "ಆದರೆ ಅಂಥಾ ಪ್ರೀತಿಯ ಸೀನಿನ ಮಧ್ಯೆ ಸ್ಪಾನ್ಸರ್ ಜಾಹೀರಾತು ತುರುಕೋದಾ? ಇಷ್ಟು ಕೀಳುಮಟ್ಟಕ್ಕೆ ಇಳೀಬಾರದಮ್ಮಾ."