ಮಲಕಾಜಪ್ಪನವರ ಕ್ಲಚ್ ಪ್ಲೇಟು, ನೀಲಗಂಗಾಳ ಸೀಟು

ಸೋಲಾಪುರದ ಚಾದರದ ವ್ಯಾಪಾರಿ ಮಲಕಾಜಪ್ಪನವರ ಮೋಟರ್ ಸೈಕಲ್ಲು ಇತ್ತೀಚೆಗೆ ಭಾಷಣವನ್ನಷ್ಟೇ ಮಾಡುತ್ತಿತ್ತು, ಮುಂದೆ ಸಾಗುತ್ತಿರಲಿಲ್ಲ. ಕ್ಲಚ್ ಪ್ಲೇಟು ಸವೆದಿದ್ದವು.

"ಈ ಸಲ ಕರಜಗಿಗೆ ನನ್ನ ಇದರ ಮ್ಯಾಲ ಕೂಡಿಸ್ಕೊಂಡು ಹೋಗ್ರಿ. ಆಗಲಿಲ್ಲಂದ್ರ ಗಾಡಿ ನಮ್ಮ ಸಿದ್ದಣ್ಣಗ ಮಾರಿಬಿಡ್ರಿ," ಎಂದು ಹೆಂಡತಿ ನೀಲಗಂಗಾ ಷರತ್ತು ಹಾಕಿದಳು. (ಕರಜಗಿ ಆಕೆಯ ತವರು, ಸಿದ್ದಣ್ಣ ಆಕೆಯ ತಮ್ಮ. ಗಾಡಿಯ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು.)

ಮಲಕಾಜಪ್ಪನವರು ಕ್ಲಚ್ಚನ್ನು ಸ್ವಹಸ್ತದಿಂದಲೇ ಬದಲಿಸುವ ಸಂಕಲ್ಪ ಮಾಡಿದರು. ಹುಟ್ಟಿದ ಮೇಲೆ ಇದೇ ಮೊದಲು. ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಇಂಜಿನ್ನಿನ ಹೊಟ್ಟೆ ತೆರೆಯಿತು.

"ಹಿಟ್ಟು ನಾದೋ ಪರಾತದಾಗ ಏನ್ ನೆನಿ ಇಟ್ಟೀರಿ?"

"ಹೊಸ ಪ್ಲೇಟು. ಎಣ್ಣಿ ಕುಡಿಯಾಕತ್ತಾವ. ಮಾತಾಡಸಬ್ಯಾಡ."

ಕಾರ್ಕ್ ಬೂಚಿನದೊಂದು, ಉಕ್ಕಿನದೊಂದು, ರೊಟ್ಟಿ ಒಟ್ಟಿದಂತೆ ಪ್ಲೇಟು ಒಟ್ಟಿ ಮುಚ್ಚಳ ಹಾಕಿದರು. ಕ್ಲಚ್ಚಿನ ವಾಯರನ್ನು ತಂಬೂರಿ ತಂತಿಯಂತೆ ಬಿಗಿದರು. ಗಾಡಿ ಮತ್ತೆ ಭಾಷಣಕ್ಕೇ ನಿಂತಿತು. ಪೂರಾ ಸಡಿಲ ಬಿಟ್ಟರು. ಗೇರು ಕಟಕಟ ಹಲ್ಲು ಕಡಿಯಿತು. ಜರಾ ಸಡಿಲ ಇರಬೇಕು, ಭಾಳ ಅಲ್ಲ ಎಂಬ ಪರಮಸತ್ಯ ಮಧ್ಯಾಹ್ನದ ಹೊತ್ತಿಗೆ ಅವರಿಗೆ ಹೊಳೆಯಿತು.

ಗಾಡಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಏರಿ ಕೂತರು. "ಇವತ್ತೊಂದಿನ ಹಿಂದಿಂದ ಕರೀಬ್ಯಾಡ. ಅಪಶಕುನ," ಎಂದು ತಾಕೀತು ಮಾಡಿದರು. ನೀಲಗಂಗಾ ಬುತ್ತಿಗಂಟನ್ನು ಹಿಂದಿನ ಸೀಟಿಗೆ ಜಗ್ಗಿ ಕಟ್ಟಿದಳು. ಸೀಟು ತುಸು ಕುಸಿಯಿತು. ಹೆಂಡತಿಯೇ ಕೂತಳೆಂದು ತಿಳಿದು ಅವರು ಗೇರು ಹಾಕಿ ಕ್ಲಚ್ ಬಿಟ್ಟರು. ಹೊಸ ಪ್ಲೇಟು ಗಪ್ಪನೆ ಹಿಡಿದವು. ಗಾಡಿ ಹಗ್ಗ ಬಿಚ್ಚಿದ ಹೋರಿಯಂತೆ ಓಡಿತು.

ನೀಲಗಂಗಾ ಓಣಿಯಲ್ಲೇ ಉಳಿದಳು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲ. ಹಿಂದಿನಿಂದ ಕರೆಯುವಂತೆಯೂ ಇಲ್ಲ.

ದಾರಿಯುದ್ದಕ್ಕೂ ಮಲಕಾಜಪ್ಪನವರು ಕ್ಲಚ್ ಶಾಸ್ತ್ರ ಬೋಧಿಸಿದರು. ಒಂದು ಮಾತಿಗೂ ಎದುರುತ್ತರ ಬರಲಿಲ್ಲ. ಲಗ್ನವಾದಾಗಿನಿಂದ ಇಂಥ ಸುಖವನ್ನು ಅವರು ಕಂಡಿರಲಿಲ್ಲ.

"ಗಾಡಿ ನಿನಗ ಸಿಗೂದಿಲ್ಲ, ಸಿದ್ದಣ್ಣ," ಎನ್ನುತ್ತ ಕರಜಗಿಯಲ್ಲಿ ಇಳಿದರು.

"ಅದಿರ್ಲಿ ಮಾವಾರ, ಅಕ್ಕ ಎಲ್ಲಿ?"

ಹಿಂದಿರುಗಿ ನೋಡಿದರೆ ಸೀಟಿನ ಮೇಲೆ ಬುತ್ತಿಗಂಟು ಧ್ಯಾನಕ್ಕೆ ಕೂತಿತ್ತು.

ಸಂಜೆ ಎಸ್ಟಿ ಬಸ್ಸಿನಿಂದ ನೀಲಗಂಗಾ ಇಳಿದಾಗ ಸಿದ್ದಣ್ಣ ಆಗಲೇ ಚಾವಿಗೆ ಕೈ ಚಾಚಿದ್ದ.

"ತಡಿಯೋ ತಮ್ಮಾ," ಎಂದಳು ಆಕೆ. "ಗಾಡಿ ಭಾಳ ಚೊಲೋ ಓಡ್ತದ. ನಾನ ಕಣ್ಣಾರೆ ನೋಡೀನಿ, ಹಿಂದ ನಿಂತು. ಮಾರೂದು ಬ್ಯಾಡ."

ಮರುದಿನ ಹೊರಡುವಾಗ ಮೊದಲು ಆಕೆಯೇ ಏರಿ ಕೂತಳು. ಗಂಡನ ಶಲ್ಯಕ್ಕೆ ತನ್ನ ಸೆರಗು ಗಂಟು ಹಾಕಿದಳು, ಲಗ್ನದಲ್ಲಿ ಹಾಕಿದಂತೆಯೇ.

"ಜರಾ ಸಡಿಲ ಬಿಡ."

"ನಿನ್ನಿ ಬಿಟ್ಟದ್ದ ಸಾಕು. ನಡೀರಿ."

ಸೋಲಾಪುರದವರೆಗೂ ಬೋಧನೆ ನಡೆಯಿತು. ಈ ಸಲ ಹಿಂದಿನ ಸೀಟಿನಿಂದ.