ಹನ್ನೊಂದನೆಯ ಪ್ರಶ್ನೆ

ವಿಜ್ಞಾನ ಓದಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಯುರಿ. ಅವರ ಗಂಧಕಾಮ್ಲ ಅವರನ್ನು ಕೂಡಿಸಿ ಚಹಾ ಕೊಡುವುದಿಲ್ಲ, ಎದುರಿಗೊಂದು ಹಿಂದೊಂದು ಮಾತಾಡುವುದೂ ಇಲ್ಲ. ಗದಗಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವ ನನ್ನ ಪಾಲಿಗೆ ಬಂದದ್ದು ಮನುಷ್ಯರು. ಸಾಲದ್ದಕ್ಕೆ ಹೆಂಡತಿ ಸುಮಂಗಲಾ ರಸಾಯನಶಾಸ್ತ್ರದವಳು. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಆರು ವರ್ಷ ಪಾಠ ಮಾಡಿದವಳು.

ನನ್ನ ಪಿಎಚ್.ಡಿ. ವಿಷಯ, ಹಳ್ಳಿಯ ಮನೆಗಳಲ್ಲಿ ಹೆಂಗಸರ ಮಾತಿಗಿರುವ ಬೆಲೆ. ಪ್ರಶ್ನಾವಳಿ ಹಿಡಿದು ಹೊಂಬಳದಲ್ಲಿ ಮನೆಮನೆ ಸುತ್ತಿದೆ. ಎಲ್ಲ ಕಡೆಯೂ ಒಂದೇ ಪದ್ಧತಿ. ನನ್ನನ್ನು ಕಟ್ಟೆಯ ಮೇಲೆ ಕೂಡಿಸುವರು, ಪಕ್ಕದಲ್ಲಿ ಯಜಮಾನ ಕೂಡುವನು, ಅವನ ಹೆಂಡತಿ ಬಾಗಿಲ ಹಿಂದೆ ನಿಲ್ಲುವಳು. ಮನೆಯ ದೊಡ್ಡ ನಿರ್ಧಾರಗಳನ್ನು ಯಾರು ಮಾಡುತ್ತಾರೆ ಎಂಬುದು ನನ್ನ ಹನ್ನೊಂದನೆಯ ಪ್ರಶ್ನೆ. ಇಬ್ಬರೂ ಕೂಡಿ ಮಾಡ್ತೀವ್ರಿ ಎಂದು ಪ್ರತಿ ಬಾಗಿಲ ಹಿಂದಿನಿಂದಲೂ ಉತ್ತರ ಬಂತು. ಸಮಾನತೆ ಗದಗಿನಲ್ಲಿ ಬಸ್ಸು ಹತ್ತಿ ಹೊಂಬಳದಲ್ಲಿ ಇಳಿದಿದೆ ಎಂದು ಹಿಗ್ಗಿಹೋದೆ.

ಹಾಳೆಗಳನ್ನು ತಿರುವಿ ನೋಡಿದ ಸುಮಂಗಲಾ, ಗಂಡಂದಿರು ಎಲ್ಲಿ ಕೂತಿದ್ದರು ಎಂದು ಕೇಳಿದಳು. ಹೇಳಿದೆ. ತೊಳೆಯದ ನಳಿಕೆಯಲ್ಲಿ ಪ್ರಯೋಗ ಮಾಡಿದಂತಾಯಿತು ಎಂದಳು. ಮನುಷ್ಯರು ನಿನ್ನ ನಳಿಕೆಗಳಲ್ಲ ಎಂದು ರೇಗಿದೆ.

“ಉತ್ತರ ಗೊತ್ತಿರೋ ಮನ್ಯಾಗ ಮೊದ್ಲ ಕೇಳಿ ನೋಡ್ರಿ. ನಿಮ್ಮ ಅಳತಿ ಸರಿ ಐತೋ ಇಲ್ಲೋ ತಿಳಿತೈತಿ.”

ಉತ್ತರ ಗೊತ್ತಿರುವ ಮನೆ ನಮ್ಮದೇ ಇತ್ತಲ್ಲ! ಪಡಸಾಲೆಯಲ್ಲಿ ಅವ್ವ ಶೇಂಗಾ ಸುಲಿಯುತ್ತಿದ್ದಳು. ಅವಳೆದುರಿಗೇ ಹೆಂಡತಿಗೆ ಹನ್ನೊಂದನೆಯ ಪ್ರಶ್ನೆ ಕೇಳಿದೆ. ಸೆರಗು ಸರಿಮಾಡಿಕೊಂಡು, ಇಬ್ಬರೂ ಕೂಡಿ ಎಂದಳು. ಗೆದ್ದೆ ಎಂದುಕೊಂಡೆ. ಅವ್ವ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದ ಮೇಲೆ, ಈಗ ಮತ್ತೊಮ್ಮೆ ಕೇಳಿರಿ ಎಂದಳು. ಕೇಳಿದೆ.

“ಲಕ್ಷ್ಮೇಶ್ವರದ ನೌಕರಿ ಬಿಡು ಅಂದವ್ರು ಯಾರ್ರಿ?”

ನಾನೇ. ನನ್ನ ಸಂಶೋಧನೆಗೆ ಮನೆಯಲ್ಲಿ ನೆಮ್ಮದಿ ಬೇಕೆಂದು ಬಿಡಿಸಿದ್ದೆ. ಅದೂ ಒಂದು ನಿರ್ಧಾರ ಎಂದು ನನಗೆ ಇದುವರೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಗಂಡಂದಿರು ಹೊಲಕ್ಕೆ ಹೋದ ಹೊತ್ತಿನಲ್ಲಿ ಹೊಂಬಳಕ್ಕೆ ಹೋಗಿ ಎಲ್ಲವನ್ನೂ ಹೊಸದಾಗಿ ಕೇಳಬೇಕಿತ್ತು. ಹಾಗೆ ಮಾಡಿದರೆ ಇನ್ನೊಂದು ವರ್ಷ ಹಿಡಿಯುತ್ತಿತ್ತು, ನನಗೋ ಬಡ್ತಿಯ ಅವಸರ. ಮಾರ್ಗದರ್ಶಕರು ಮನೆಗೆ ಬಂದಾಗ, ಪ್ರಬಂಧವನ್ನು ಇದ್ದ ಹಾಗೆಯೇ ಸಲ್ಲಿಸುತ್ತೇನೆ ಎಂದೆ. ಮನೆಯವರು ಏನೆನ್ನುತ್ತಾರೆ ಎಂದು ಅವರು ನಗುತ್ತ ಕೇಳಿದರು. ಇಬ್ಬರೂ ಕೂಡಿಯೇ ನಿರ್ಧರಿಸಿದ್ದೇವೆ ಸರ್ ಎಂದೆ. ಸುಮಂಗಲಾ ಚಹಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು.