ಅರಗಿನ ಮುದ್ರೆ ಬಿದ್ದ ಕನ್ನಡಕ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಬಾಗಿಲ ಮೇಲಿದ್ದ ‘ಎಚ್ಚರಿಕೆಯೇ ರಕ್ಷಣೆ’ ಎಂಬ ಫಲಕ ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಉಗ್ರಾಣದ ಗುಮಾಸ್ತನ ಹಣೆಯ ಮೇಲೆ ಬಿತ್ತು. ಹಣೆ ನಿಂಬೆಹಣ್ಣಿನ ಗಾತ್ರಕ್ಕೆ ಊದಿಕೊಂಡಿತು. ಅದು ಹೇಗೂ ಇಳಿಯುತ್ತಿತ್ತು. ಕನ್ನಡಕದ ಎರಡು ಗಾಜೂ ಪುಡಿಯಾದದ್ದೇ ದೊಡ್ಡ ಪೆಟ್ಟು.

ಗುಮಾಸ್ತನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಆಯ್ತುಬಿಡಿ’ ಎಂದು. ನಲ್ಲಿ ಸೋರಲಿ, ಗಡಿಯಾರ ನಿಲ್ಲಲಿ, ಬೀರುವಿನ ಹಿಂದೆ ಇಲಿ ಸತ್ತಿರಲಿ, ಉಳಿದವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅವನು “ಆಯ್ತು ಬಿಡಿ, ನಾನೇ ಮಾಡ್ತೀನಿ” ಎಂದು ತೋಳು ಮಡಿಸಿರುತ್ತಿದ್ದ. ಹೀಗೆ ಅವನಿಗೆ ಎರಡು ಪ್ರಶಸ್ತಿಪತ್ರಗಳೂ ಬಂದು ಮೇಜಿನ ಹಿಂದಿನ ಗೋಡೆಯಲ್ಲಿ ತೂಗಾಡುತ್ತಿದ್ದವು. ಒಂದು, ಐದು ವರ್ಷ ರಜೆ ಹಾಕದೆ ದುಡಿದದ್ದಕ್ಕೆ. ಇನ್ನೊಂದು ಯಾವುದಕ್ಕೆ ಎಂಬುದು ಅವನಿಗೇ ಮರೆತುಹೋಗಿತ್ತು.

ಅವತ್ತು ಸಂಜೆ ಆರಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳದು ನಕ್ಷತ್ರದ ಪಾತ್ರ, ಎಡದಿಂದ ಮೂರನೆಯದು. ಹೋದ ವರ್ಷ ಅವಳು ಮೊಲವಾಗಿ ಕುಣಿಯುವಾಗ ಅಪ್ಪ ಯಾರದೋ ಬದಲಿಗೆ ಲಾರಿಗೆ ಪೆಟ್ಟಿಗೆ ತುಂಬಿಸುತ್ತಿದ್ದ. ಅದಕ್ಕೇ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ, “ಅಪ್ಪಾ, ಈ ಸಲ ಕಣ್ಣು ಮಿಟುಕಿಸ್ದೆ ನೋಡ್ಬೇಕು” ಎಂದು ಮಾತು ತೆಗೆದುಕೊಂಡಿದ್ದಳು. ಆದರೆ ಕನ್ನಡಕವಿಲ್ಲದ ಅವನ ಕಣ್ಣಿಗೆ ಮೊಲ, ನಕ್ಷತ್ರ, ಲಾರಿ ಮೂರೂ ಒಂದೇ.

ಎದುರು ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಹೊಸ ಗಾಜು ಕೂರಿಸಿಕೊಡುತ್ತಿದ್ದರು. ಒಡೆದದ್ದನ್ನು ಜೇಬಿಗೆ ಹಾಕಿಕೊಂಡು ಹೊರಟವನಿಗೆ ಅರ್ಧ ವಕೀಲರು ಅಡ್ಡ ನಿಂತರು. ಅವರ ಕೆಲಸ ಪೆಟ್ಟಿಗೆಗಳ ತೂಕ ನೋಡುವುದು. ಭಾವ ವಕೀಲರಾದ್ದರಿಂದ ಕಾನೂನಿನ ಅರ್ಧ ತೂಕ ತಮ್ಮ ಮೇಲೂ ಇದೆಯೆಂದು ನಂಬಿದವರು.

“ಎಲ್ಲಿಗೆ ಹೊರಟ್ರಿ?”

“ಗಾಜು ಹಾಕಿಸ್ಕೊಂಡು ಬರ್ತೀನಿ.”

“ಸಾಕ್ಷ್ಯ ನಾಶ ಮಾಡೋಕೆ ಹೊರಟಿದೀರಿ ಅನ್ನಿ. ಒಡೆದ ಕನ್ನಡಕ ಇದ್ರೇನೇ ರೀ ಪರಿಹಾರ. ರಿಪೇರಿ ಮಾಡಿಸಿದ್ರೆ ನಿಮಗೇನಾಗಿತ್ತು ಅನ್ನೋದಕ್ಕೆ ಏನಿದೆ ಪುರಾವೆ?”

ಹಣೆ ಇದೆಯಲ್ಲ ಎಂದು ಅವನು ತೋರಿಸಿದ. ಹಣೆ ಸಂಜೆಗೆ ಇಳಿದುಬಿಡುತ್ತದೆ, ಅದನ್ನು ನಂಬಿ ಕೇಸು ನಡೆಸಲಾಗದು ಎಂದರು ಅರ್ಧ ವಕೀಲರು. ಅಷ್ಟರಲ್ಲಿ ಟಪಾಲು ವಿಭಾಗದ ಅಕ್ಕ ಬಂದಳು. ಮೊದಲು ಮುದ್ರೆ ಒತ್ತಿ ಆಮೇಲೆ ಓದುವುದು ಅವಳ ಪದ್ಧತಿ. ಅವನ ಜೇಬಿನಿಂದ ಕನ್ನಡಕ ತೆಗೆದು ಲಕೋಟೆಗೆ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತಿದಳು. “ಇನ್ನು ಇದನ್ನ ಮ್ಯಾನೇಜರ್ ಬಿಟ್ರೆ ಯಾರೂ ಒಡೆಯೋ ಹಾಗಿಲ್ಲಪ್ಪ” ಎಂದಳು.

ಅಲ್ಲಿಂದ ಅವನನ್ನು ಕಾರ್ಖಾನೆಯ ಡಾಕ್ಟರ ಬಳಿಗೆ ಕುರುಡ ಎತ್ತಿನ ಹಾಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಅವನು ಆಳೆತ್ತರದ ಪೆಟ್ಟಿಗೆಯ ರಾಶಿಗೆ ಮ್ಯಾನೇಜರ್ ಎಂದು ತಿಳಿದು ನಮಸ್ಕಾರ ಮಾಡಿದ. ಸ್ವಲ್ಪ ಮುಂದೆ ನಿಜವಾದ ಮ್ಯಾನೇಜರನ್ನು ಪಕ್ಕಕ್ಕೆ ಸರಿಸಿ ನಡೆದ. ಡಾಕ್ಟರು ಬೆರಳೆತ್ತಿ ಎಷ್ಟೆಂದು ಕೇಳಿದರೆ, “ಯಾರ ಕೈಯಲ್ಲಿ?” ಎಂದು ಕೇಳಿದ. ಡಾಕ್ಟರು ಗಾಬರಿಯಾಗಿ ಒಂದು ಪುಟ ಬರೆದುಕೊಟ್ಟರು. ಅರ್ಧ ವಕೀಲರ ಮುಖ ಅರಳಿತು.

ಊಟದ ಹೊತ್ತಿಗೆ ಅರ್ಜಿ ಸಿದ್ಧವಾಗತೊಡಗಿತು. ಬರೀ ನೋವು ಸಾಲದು, ತಪ್ಪು ಯಾರದೆಂದು ತೋರಿಸಬೇಕು ಎಂದು ವಿವರಿಸಿದರು ಅರ್ಧ ವಕೀಲರು. ಫಲಕಕ್ಕೆ ನಾಲ್ಕು ಮೊಳೆ ಬೇಕಾದಲ್ಲಿ ಒಂದೇ ಮೊಳೆ ಇತ್ತು. ಇದಕ್ಕೆ ನಿರ್ಲಕ್ಷ್ಯ ಎನ್ನುತ್ತಾರೆ.

“ಅಂಥವನ ಕೈಗೆ ಸುತ್ತಿಗೆ ಕೊಟ್ಟವರನ್ನ ಅನ್ಬೇಕು” ಎಂದ ಆಯ್ತುಬಿಡಿ. ಹಸಿವು, ತಲೆನೋವು ಸೇರಿ ಅವನಿಗೂ ರೋಷ ಹತ್ತಿತ್ತು. “ಬರೀರಿ. ಆ ಮನುಷ್ಯ ಯಾರೇ ಆಗಿರ್ಲಿ, ಬಿಡಬಾರ್ದು.”

ಅದನ್ನು ಹಾಗೇ ಬರೆದರು. ಅರ್ಜಿದಾರನ ನಡತೆಗೂ ಒಂದು ಪುರಾವೆ ಬೇಕಿತ್ತು. ಅವನು ಗೋಡೆ ತಡವಿ, ಕೈಗೆ ಸಿಕ್ಕಿದ ಪ್ರಶಸ್ತಿಪತ್ರ ತೆಗೆದು ಕೊಟ್ಟ. ಅಕ್ಕ ಓದದೆ ಮುದ್ರೆ ಒತ್ತಿದಳು.

ನಾಲ್ಕೂವರೆಗೆ ಮ್ಯಾನೇಜರ್ ಕರೆಸಿದರು. ಆಯ್ತುಬಿಡಿಯ ಕಣ್ಣು ಗಡಿಯಾರದ ಕಡೆಗಿತ್ತು, ಮುಳ್ಳು ಮಾತ್ರ ಕಾಣುತ್ತಿರಲಿಲ್ಲ.

“ಮೊಳೆ ಹೊಡೆದವನನ್ನ ಬಿಡಬಾರ್ದು ಅಂತ ಬರ್ದಿದೀರಿ.”

“ಬಿಡಬಾರ್ದು ಸಾರ್.”

“ಜತೆಗೆ ಇದನ್ನೂ ಇಟ್ಟಿದೀರಿ” ಎಂದು ಮ್ಯಾನೇಜರ್ ಓದಿದರು. “‘ಬಡಗಿ ಬಾರದ ದಿನ, ತನ್ನ ಕೆಲಸವಲ್ಲದಿದ್ದರೂ, ಎಚ್ಚರಿಕೆಯ ಫಲಕವನ್ನು ಸ್ವಂತ ಕೈಯಿಂದ ಒಂದೇ ಮೊಳೆಯಲ್ಲಿ ನಿಲ್ಲಿಸಿ, ಕಾರ್ಖಾನೆಗೆ ಮೂರು ಮೊಳೆ ಉಳಿಸಿಕೊಟ್ಟದ್ದಕ್ಕಾಗಿ.’”

ಅರ್ಧ ವಕೀಲರು ಎಂದೂ ನೋಡದವರಂತೆ ಫ್ಯಾನು ನೋಡತೊಡಗಿದರು. ಅಕ್ಕನಿಗೆ ಟಪಾಲಿನ ನೆನಪಾಯಿತು.

ಗಾಯಗೊಂಡವನು, ಹೊಣೆಗಾರ, ಎರಡು ಕಡೆಯೂ ಅವನೇ ಸಹಿ ಹಾಕಬೇಕಾಯಿತು. ಎಲ್ಲೆಂದು ಮ್ಯಾನೇಜರೇ ಬೆರಳಿಟ್ಟು ತೋರಿಸಿದರು. ಕನ್ನಡಕವಾದರೂ ಸಿಗುತ್ತದೆಯೇ ಎಂದು ಕೇಳಿದ. ಫೈಲು ಮೇಲಿನ ಕಚೇರಿಗೆ ಹೋಗಿ ಬರುವ ತನಕ, ಎಂದರೆ ಒಂದು ತಿಂಗಳು, ಮುದ್ರೆ ಒಡೆಯುವಂತಿಲ್ಲವಂತೆ. ಬೆಳಿಗ್ಗೆ ಎಂಟಕ್ಕೇ ತಪಾಸಣೆಯವರು ಬರುತ್ತಾರೆ, ಫಲಕ ಇವತ್ತೇ ಮೇಲೆ ಹೋಗಬೇಕು ಎಂದರು ಮ್ಯಾನೇಜರ್. ಬಡಗಿಗೆ ಫೋನ್ ಮಾಡಿದರೆ, ಎಲ್ಲೋ ಸ್ಟೇಜಿನ ಕೆಲಸದಲ್ಲಿದ್ದೇನೆ, ನಾಳೆ ಬರುತ್ತೇನೆ ಎಂದನಂತೆ.

ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮೌನವನ್ನು ತಡೆದುಕೊಳ್ಳುವ ಶಕ್ತಿ ಅವನಿಗೆ ಹುಟ್ಟಿದಾಗಿನಿಂದಲೂ ಇಲ್ಲ.

“ಆಯ್ತು ಬಿಡಿ” ಎಂದ.

ಈ ಸಲ ನಾಲ್ಕು ಮೊಳೆ ಹೊಡೆದ. ಸುತ್ತಿಗೆಯ ಏಟು ಮೊಳೆಗಿಂತ ಹೆಬ್ಬೆರಳಿಗೇ ಹೆಚ್ಚು ಬಿತ್ತು. ಕತ್ತಲಾಗುವಾಗ ಕೆಲಸ ಮುಗಿಸಿ, ಕೇಳಿ ಕೇಳಿ ಬಸ್ಸು ಹತ್ತಿ, ಏದುಸಿರು ಬಿಡುತ್ತ ಶಾಲೆಯ ಸಭಾಂಗಣ ಮುಟ್ಟಿದ. ಪುಣ್ಯಕ್ಕೆ ದೀಪ ಇನ್ನೂ ಉರಿಯುತ್ತಿತ್ತು. ವೇದಿಕೆಯ ಮೇಲೆ ಐದಾರು ಆಕೃತಿಗಳು ಓಡಾಡುತ್ತಿದ್ದವು. ಎಡದಿಂದ ಮೂರನೆಯದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಅವನು ಕಣ್ಣು ಮಿಟುಕಿಸದೆ, ಊದಿದ ಹೆಬ್ಬೆರಳನ್ನೂ ಲೆಕ್ಕಿಸದೆ ಚಪ್ಪಾಳೆ ತಟ್ಟಿದ. ನಕ್ಷತ್ರ ಒಂದು ಗಳಿಗೆ ನಿಂತು, ಬಾಗಿ ನಮಸ್ಕಾರ ಮಾಡಿತು.

ಹಿಂದಿನಿಂದ ಯಾರೋ ಅಂಗಿ ಜಗ್ಗಿದರು.

“ಅಪ್ಪಾ, ನಾನಿಲ್ಲಿದೀನಿ. ನಾಟಕ ಆಗ್ಲೇ ಮುಗೀತು.”

“ಮತ್ತೆ ಅದು? ಎಡದಿಂದ ಮೂರನೇದು?”

“ಅದು ಬಡಗಿ ಮಾಮ. ಸ್ಟೇಜ್ ಬಿಚ್ತಿದಾರೆ. ಕೈಲಿರೋದು ನನ್ನ ನಕ್ಷತ್ರದ ರಟ್ಟು.”

ಜನ್ಮದಲ್ಲಿ ಒಂದೂ ಚಪ್ಪಾಳೆ ಕಾಣದಿದ್ದ ಬಡಗಿ ಅಷ್ಟರಲ್ಲಿ ಕೆಳಗಿಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡಿದ್ದ. “ಪೆಟ್ಟಿಗೆ ಕಾರ್ಖಾನೆಯವ್ರಲ್ವಾ ಸಾರ್ ನೀವು? ಇಷ್ಟು ಮರ್ಯಾದೆ ಕೊಟ್ಟವ್ರನ್ನ ಕಾಯಿಸೋದಾ? ಇಲ್ಲಿ ಬೇರೆಯವ್ರಿಗೆ ಒಪ್ಪಿಸ್ತೀನಿ. ಈಗ್ಲೇ ಹೋಗಿ ಆ ಬೋರ್ಡ್ ಕೂರಿಸ್ಬಿಡೋಣ, ನಡೀರಿ.”

ಅವನು ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡ.

“ಆಯ್ತು, ಬಿಡಿ” ಎಂದ.